ಶುಕ್ರವಾರದ ಹೊಲಿಗೆ ಹಾಕಿದ್ದು ಯಾರು?

ಹೊರದೇಶದ ವಿದ್ಯಾರ್ಥಿಗಳು ನಮ್ಮ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ನಿಂತು ನೋಡಲು ಅನುಮತಿಯ ಮೊಹರು ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ಚಿಕ್ಕಮ್ಮನ ಬಲಗೈ ಹೆಬ್ಬೆರಳ ತುದಿ ಎಂಟು ತಿಂಗಳಿಂದ ಮಡಚುತ್ತಿಲ್ಲ. ಅದಕ್ಕೆ ಅವಳೇ ಕಾರಣ ಎಂದು ನಿಮ್ಮ ಕಚೇರಿ ಲಿಖಿತವಾಗಿ ತಿಳಿಸಿದೆ. ಕಾರಣ ಅವಳಲ್ಲ. ಒಂದು ಪಾಲು ನಿಮ್ಮದು, ಒಂದು ಪಾಲು ನನ್ನದು. ನನ್ನ ಪಾಲನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ. ನಿಮ್ಮದನ್ನು ನೀವು ಒಪ್ಪಿಕೊಂಡುಬಿಡುತ್ತೀರಿ ಎಂಬ ಭ್ರಮೆ ನನಗಿಲ್ಲ. ಆದರೂ ಖಾಸಗಿಯಾಗಿ ಮೂರು ಪತ್ರ ಬರೆದೆ. ಮೂರಕ್ಕೂ ಸೇರಿ ನಾಲ್ಕು ಸಾಲಿನ ಒಂದು ಉತ್ತರ ಬಂತು. ಹಾಗಾಗಿ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಆರು ವರ್ಷ ನಾನು ಈ ಕಾರ್ಯಕ್ರಮದ ಸ್ಥಳೀಯ ಸಂಯೋಜಕಿಯಾಗಿದ್ದೆ. ಇದೇನೆಂದು ತಿಳಿಯದವರಿಗಾಗಿ ಎರಡು ಮಾತು. ಮುಂದೆ ಡಾಕ್ಟರೋ ನರ್ಸೋ ಆಗಬೇಕೆಂದುಕೊಂಡಿರುವ, ಆದರೆ ಇನ್ನೂ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತದ ಹದಿನೆಂಟು, ಹತ್ತೊಂಬತ್ತರ ಮಕ್ಕಳು ದೂರದ ಅನುಕೂಲಸ್ಥ ದೇಶಗಳಿಂದ ಮೂರು ವಾರಕ್ಕೆ ಬರುತ್ತಾರೆ. ಡಾಕ್ಟರ ಬೆನ್ನಹಿಂದೆ ನೆರಳಿನಂತೆ ತಿರುಗಿ ಕೆಲಸ ನೋಡುತ್ತಾರೆ. ವಾಪಸು ಹೋಗಿ ಕಾಲೇಜಿನ ಅರ್ಜಿಯಲ್ಲಿ ಆ ಅನುಭವವನ್ನು ಬರೆಯುತ್ತಾರೆ. ನೋಡಬಹುದು, ಮುಟ್ಟುವಂತಿಲ್ಲ. ಇದು ನಿಮ್ಮದೇ ಸುತ್ತೋಲೆಯ ಮೂರನೇ ಅಂಶ, ನನಗೆ ಬಾಯಿಪಾಠವಾಗಿದೆ. ಅವರನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಉಳಿಯುವ ಮನೆಯ ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ ಎಂದು ನೋಡುವುದು, ವಾರ್ಡಿನಲ್ಲಿ ರೋಗಿಯ ಮಾತನ್ನು ಅವರಿಗೆ, ಅವರ ಮಾತನ್ನು ರೋಗಿಗೆ ತಿಳಿಸುವುದು ನನ್ನ ಕೆಲಸ. ಮೊದಲ ದಿನ ಒಬ್ಬೊಬ್ಬರಿಗೂ ಒಂದು ಬಿಳಿ ಕೋಟು ಕೊಡುವುದೂ ನಾನೇ. ಕೋಟು ಯಾಕೆ ಎಂದು ಒಮ್ಮೆ ಕೇಳಿದ್ದೆ. ಫೋಟೋ ಚೆನ್ನಾಗಿ ಬರುತ್ತದೆ ಎಂದರು. ಹಾಗಾದರೆ ರೋಗಿಗಳು ಇವರನ್ನು ಡಾಕ್ಟರೆಂದು ತಿಳಿಯುವುದಿಲ್ಲವೇ ಎಂಬ ಎರಡನೇ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ವರ್ಷ ನನಗೆ ಕೆಲಸ ಬೇಕಿತ್ತು ಎಂಬುದು ನಿಜ. ಅದೊಂದೇ ಕಾರಣವಾಗಿತ್ತೇ ಎಂದು ಈಗ ಕೇಳಿಕೊಂಡರೆ ಹೌದೆನ್ನಲಾರೆ. ಬಿಳಿ ಕೋಟುಗಳ ಹಿಂಡಿನ ಮುಂದೆ ನಡೆಯುವುದು ನನಗೂ ಹಿತವಾಗಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಸುಳ್ಳು ಹೇಳಲಿಲ್ಲ. ಮೂಲೆಯ ಮಂಚದ ಮುದುಕರೊಬ್ಬರು ಇವರೆಲ್ಲ ಯಾರಮ್ಮ ಎಂದು ಕೇಳಿದಾಗ, ವಿದ್ಯಾರ್ಥಿಗಳು, ಇನ್ನೂ ಡಾಕ್ಟರಿಕೆ ಓದೋಕೆ ಶುರು ಮಾಡಿಲ್ಲ ಎಂದೆ. ಅವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. "ಹಾಗಾದ್ರೆ ನನ್ನ ಹೊಟ್ಟೆ ನೋಡ್ಕೊಂಡು ಏನು ಕಲೀತಾರೆ? ಶುರು ಮಾಡಿದ್ಮೇಲೆ ಬರೋಕೆ ಹೇಳು." ಸಮ್ಮತಿ ಎಂದರೇನು ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ನನಗೆ ಯಾವ ಕಾಗದವೂ ಹೇಳಿಕೊಟ್ಟಿಲ್ಲ. ಆದರೆ ವಾರ್ಡಿನ ಮುಖ್ಯಸ್ಥರಿಗೆ ಸಿಟ್ಟು ಬಂತು. ಮರುದಿನದಿಂದ ಯಾರು ಕೇಳಿದರೂ "ಹೊರದೇಶದ ಡಾಕ್ಟರು" ಎನ್ನತೊಡಗಿದೆ. ಮೊದಮೊದಲು ಹಾಗೆನ್ನುವಾಗ ನೆಲ ನೋಡುತ್ತಿದ್ದೆ. ಆಮೇಲೆ ಅದೂ ತಪ್ಪಿತು.

ಇನ್ನು ಶುಕ್ರವಾರದ ಹೊಲಿಗೆ. ನಿಮ್ಮ ಸುತ್ತೋಲೆಯಲ್ಲಿ ಇದಿಲ್ಲ, ಆದರೆ ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಗೂ ಗೊತ್ತು. ಮೂರು ವಾರ ಮುಗಿಯುವ ಶುಕ್ರವಾರ, ತಂಡದಲ್ಲಿ ಚುರುಕಾಗಿರುವ ಒಬ್ಬರಿಗೆ ಎಮರ್ಜೆನ್ಸಿಯಲ್ಲಿ ಒಂದು ಸಣ್ಣ ಗಾಯಕ್ಕೆ ಹೊಲಿಗೆ ಹಾಕಲು ಬಿಡುತ್ತಾರೆ. ಬೀಳ್ಕೊಡುಗೆಯಂತೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಎರಡು ದಿನ ಅಭ್ಯಾಸ ಮಾಡಿಸಿರುತ್ತಾರೆ. ಎಂಟು ತಿಂಗಳ ಹಿಂದಿನ ತಂಡದಲ್ಲಿ ಚುರುಕಾಗಿದ್ದವಳು ಹತ್ತೊಂಬತ್ತರ ಒಬ್ಬ ಹುಡುಗಿ. ಉದ್ದ ಕಾಲು, ಉದ್ದ ಕತ್ತು, ನರ್ಸುಗಳು ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಒಳ್ಳೆಯ ಹುಡುಗಿ. ರೋಗಿಗಳ ನೀರಿನ ಲೋಟ ಖಾಲಿಯಾದರೆ ಯಾರೂ ಹೇಳದೆ ತುಂಬಿಸುತ್ತಿದ್ದಳು. ತನ್ನ ಊರಿನಲ್ಲಿ ಯಾರದಾದರೂ ಬ್ಯಾಂಡೇಜು ಬಿಚ್ಚಲೂ ತನ್ನನ್ನು ಬಿಡುವುದಿಲ್ಲ, ಇಲ್ಲಿಯವರು ಎಷ್ಟು ಉದಾರಿಗಳು ಎಂದು ಕಣ್ಣರಳಿಸಿ ಹೇಳಿದ್ದಳು. ಅವರ ಊರಿನಲ್ಲಿ ಯಾಕೆ ಬಿಡುವುದಿಲ್ಲ ಎಂದು ಅವಳೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಮಾನ್ಯರೇ, ನೀವು ಕೇಳಿದ್ದಿರಾ?

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಎಮರ್ಜೆನ್ಸಿಗೆ ಬಂದವಳು ನನ್ನ ಚಿಕ್ಕಮ್ಮ. ಆಸ್ಪತ್ರೆಯಿಂದ ಎರಡು ಬೀದಿ ಆಚೆ ಅವಳ ಟೈಲರಿಂಗ್ ಅಂಗಡಿಯಿದೆ. ಮೂರು ಮಿಷನ್ನು, ಇಬ್ಬರು ಕೆಲಸದ ಹೆಣ್ಣುಮಕ್ಕಳು. ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ನಿಲುಗನ್ನಡಿಯನ್ನು ಪಕ್ಕಕ್ಕೆ ಸರಿಸುವಾಗ ಅದು ಜಾರಿತು, ಇವಳು ಹಿಡಿದಳು. ಹೆಬ್ಬೆರಳ ಬುಡದಲ್ಲಿ ಎರಡು ಇಂಚಿನಷ್ಟು ಗಾಯ. ಅದೇ ಹೊತ್ತಿಗೆ ಬಸ್ಸು ಡಿಕ್ಕಿಯಾಗಿ ಮೂವರನ್ನು ಹೊತ್ತು ತಂದಿದ್ದರು. ಡ್ಯೂಟಿ ಡಾಕ್ಟರು ಚಿಕ್ಕಮ್ಮನ ಕೈಯನ್ನು ಬೆಳಕಿಗೆ ಹಿಡಿದು, ಗಾಜಿನ ಚೂರಿಲ್ಲ ಎಂದು ನೋಡಿ, ಮರಗಟ್ಟಿಸುವ ಸೂಜಿ ಕೊಟ್ಟು, ಗಲ್ಲದಿಂದ ಕೊಕ್ಕರೆಯತ್ತ ತೋರಿಸಿ, ಇವತ್ತು ಶುಕ್ರವಾರ ಅಲ್ವಾ ಎಂದು ನನಗೆ ಹೇಳಿ ಪರದೆಯಾಚೆ ಹೋದರು.

ನರ್ಸು ಸಮ್ಮತಿಪತ್ರ ತಂದರು. ಅದನ್ನು ಬರೆದವಳು ನಾನೇ: "ತರಬೇತಿಯಲ್ಲಿರುವವರು ಹಾಜರಿರಲು ನನ್ನ ಅಭ್ಯಂತರವಿಲ್ಲ." ಹಾಜರಿರಲು ಎಂಬ ಮಾತನ್ನು ಬರೆಯುವಾಗ ತುಂಬ ಯೋಚಿಸಿ ಆರಿಸಿದ್ದೆ, ಅದರೊಳಗೆ ಎಷ್ಟನ್ನು ಬೇಕಾದರೂ ತುರುಕಬಹುದಿತ್ತು. ಚಿಕ್ಕಮ್ಮ ಗಾಯವಾದ ಬಲಗೈಯಿಂದ ಸಹಿ ಹಾಕುವಂತಿರಲಿಲ್ಲ. ನರ್ಸು ಇಂಕಿನ ಪ್ಯಾಡು ತಂದು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಚಿಕ್ಕಮ್ಮ ನನ್ನ ಮುಖ ನೋಡಿದಳು.

"ಇವಳು ಡಾಕ್ಟರೇನೇ?"

"ಹೌದು ಚಿಕ್ಕಮ್ಮ, ಡಾಕ್ಟರೇ. ಹೊರದೇಶದವಳು."

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಹೇಳದಿದ್ದರೆ ಕೆಲಸ ಹೋಗುತ್ತಿರಲಿಲ್ಲ. ಹೊಸದಾಗಿ ಸುಳ್ಳು ಹೇಳುವಾಗ ಆಗುವ ಎದೆಬಡಿತವೂ ಆಗಲಿಲ್ಲ. ಆರು ವರ್ಷದ ಅಭ್ಯಾಸದಲ್ಲಿ ಬಾಯಿ ತಾನಾಗಿ ಹೇಳಿತು. ನನ್ನನ್ನು ಸಾಕಿದವಳಿಗೆ, ನನ್ನ ಇಂಗ್ಲಿಷ್ ಶಾಲೆಯ ಯೂನಿಫಾರ್ಮುಗಳನ್ನು ಹನ್ನೆರಡು ವರ್ಷ ಹೊಲಿದವಳಿಗೆ ಹೇಳಿತು. ಆ ಇಂಗ್ಲಿಷಿನಿಂದಲೇ ಈ ಕೆಲಸ ನನಗೆ ಸಿಕ್ಕಿತ್ತು. ಕಾರ್ಯಕ್ರಮದ ಬಿಳಿ ಕೋಟುಗಳನ್ನು ಹೊಲಿದುಕೊಡುತ್ತಿದ್ದುದೂ ಅವಳೇ. ಕೊಕ್ಕರೆಯ ಎದೆಯ ಜೇಬು ನೋಡಿ, ಇದು ನಂದೇ ಕೈಕೆಲಸ ಎಂದು ನಕ್ಕು ಕೈ ಚಾಚಿದಳು.

ಏಳು ಹೊಲಿಗೆ ಬಿತ್ತು. ಅಂದವಾಗಿತ್ತು, ಸುಳ್ಳು ಹೇಳುವುದಿಲ್ಲ. ಚಿಕ್ಕಮ್ಮ ಕೈಯನ್ನು ತಿರುಗಿಸಿ ನೋಡಿ, "ಒಂದೇ ಅಳತೆಗೆ ಹಾಕಿದಾಳೆ ಕಣೆ, ನನ್ನ ಅಂಗಡೀಲಿ ಕೆಲಸ ಕೊಡ್ತೀನಿ ಅಂತ ಹೇಳು" ಎಂದಳು. ಹೇಳಿದೆ. ಹುಡುಗಿಯ ಕಣ್ಣು ತುಂಬಿ ಬಂತು. ಫೋಟೋ ತೆಗೆದುಕೊಂಡೆವು.

ಒಂದೂವರೆ ತಿಂಗಳಾದರೂ ಚಿಕ್ಕಮ್ಮನಿಗೆ ಸೂಜಿ ಹಿಡಿಯಲಾಗಲಿಲ್ಲ. ಆಸ್ಪತ್ರೆಯವರು ಕೈ ಬಿಗಿದಿದೆ, ವ್ಯಾಯಾಮ ಮಾಡಿ ಎಂದರು. ಕೊನೆಗೆ ಬೇರೆ ಊರಿನ ಕೈ ತಜ್ಞರ ಬಳಿ ಕರೆದೊಯ್ದೆ. ಅವರು ಸ್ಕ್ಯಾನ್ ನೋಡುವ ಮೊದಲೇ ಕೇಳಿದರು: "ಹೊಲಿಗೆ ಹಾಕೋಕೆ ಮುಂಚೆ ಹೆಬ್ಬೆರಳ ತುದಿ ಒಂದ್ಸಲ ಮಡಚಿ ತೋರಿಸಿ ಅಂತ ಯಾರೂ ಹೇಳಲಿಲ್ವಾ?" ಯಾರೂ ಹೇಳಿರಲಿಲ್ಲ. ಬೆರಳನ್ನು ಒಳಗಿನಿಂದ ಎಳೆದು ಮಡಚುವ ಹುರಿಯಂಥದೊಂದು ಇರುತ್ತದಂತೆ. ಗಾಜು ಅದನ್ನು ತುಂಡರಿಸಿತ್ತು. ಅದರ ಮೇಲೆ ಚರ್ಮವನ್ನು ಅಂದವಾಗಿ ಹೊಲಿದಿದ್ದೆವು. ಹತ್ತು ಸೆಕೆಂಡಿನ ಆ ಪ್ರಶ್ನೆ ಕೇಳಲು ಡಾಕ್ಟರಿಕೆ ಓದಿರಬೇಕು. ಕೊಕ್ಕರೆ ಓದಿರಲಿಲ್ಲ. ಓದಿದ್ದವರು ಪರದೆಯಾಚೆ ಇದ್ದರು.

ಇದಕ್ಕೆ ಈಗಲೂ ಶಸ್ತ್ರಚಿಕಿತ್ಸೆಯಿದೆ, ಆದರೆ ತಡವಾದಷ್ಟೂ ಕಷ್ಟ ಎಂದರು ತಜ್ಞರು. ದೊಡ್ಡ ಸರ್ಕಾರಿ ಆಸ್ಪತ್ರೆ ಅದನ್ನು ಮಾಡಲು ನಮ್ಮ ಆಸ್ಪತ್ರೆಯ ಶಿಫಾರಸು ಬೇಕು. ನಮ್ಮ ಆಸ್ಪತ್ರೆ ಕೊಡುತ್ತಿಲ್ಲ, ಏಕೆಂದರೆ ಅವರ ಕಡತದಲ್ಲಿ ಹುರಿ ತುಂಡಾಗಿಲ್ಲ. ಡ್ಯೂಟಿ ಡಾಕ್ಟರು ಪರೀಕ್ಷಿಸಿ ತಾವೇ ಹೊಲಿಗೆ ಹಾಕಿದರು ಎಂದಿದೆ. ಅಲ್ಲಿಂದ ಮುಂದೆ ನಿಮ್ಮ ಕಚೇರಿಯ ನಾಲ್ಕು ಸಾಲು: ವೀಕ್ಷಕರು ಯಾವ ರೋಗಿಯನ್ನೂ ಸ್ಪರ್ಶಿಸಿಲ್ಲ. ಇದಕ್ಕೆ ರೋಗಿಯ ಸಮ್ಮತಿಯಿದೆ. ರೋಗಿಯು ಅನಕ್ಷರಸ್ಥರಾಗಿದ್ದು ವ್ಯಾಯಾಮದ ಲಿಖಿತ ಸೂಚನೆಗಳನ್ನು ಪಾಲಿಸಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.

ಯಾರೂ ಸ್ಪರ್ಶಿಸದಿದ್ದರೆ ಸಮ್ಮತಿ ಯಾತಕ್ಕೆ, ಮಾನ್ಯರೇ? ಮತ್ತು ಅನಕ್ಷರಸ್ಥಳು ಎಂಬ ಸತ್ಯ ನಿಮಗೆ ಎಲ್ಲಿ ಹೊಳೆಯಿತು? ಆ ಹೆಬ್ಬೆಟ್ಟಿನಲ್ಲಿ. ಹೆಬ್ಬೆಟ್ಟು ಕಂಡೊಡನೆ ಓದುಬರಹ ಬಾರದವಳು ಎಂದು ತೀರ್ಮಾನಿಸಿದಿರಿ. ಎಡಗೈಯದು ಯಾಕೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ನನ್ನ ಚಿಕ್ಕಮ್ಮ ದಿನಾ ಪತ್ರಿಕೆಯನ್ನು ಅಂಗಡಿಯ ಹೆಣ್ಣುಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವವಳು. ನಿಮ್ಮ ಪತ್ರವನ್ನೂ ಕನ್ನಡಕ ಹಾಕಿಕೊಂಡು ಹಾಗೆಯೇ ಓದಿದಳು, ಕೊನೆಯ ಮೊಹರಿನವರೆಗೆ. "ನಂಗೆ ಓದೋಕೆ ಬರಲ್ವಂತೆ ಕಣೆ. ಪಾಪ, ಅದನ್ನ ನಾನೇ ಓದಬೇಕಾಯ್ತು ನೋಡು" ಎಂದಳು. ಹೆಣ್ಣುಮಕ್ಕಳು ನಕ್ಕರು. ಅವಳೂ ನಕ್ಕಳು. ಆಮೇಲೆ ಪತ್ರ ಮಡಚಲು ಹೋದಾಗ ಕಾಗದ ಆ ಹೆಬ್ಬೆರಳಿನಿಂದ ಜಾರಿ ಬಿತ್ತು.

ವೀಕ್ಷಕರು ಮುಟ್ಟಿಲ್ಲವೆಂದು ನೀವು ಹೇಳುವ ಆ ದಿನದ ಬಗ್ಗೆ ಹುಡುಗಿಯೇ ಒಂದು ಪ್ರಬಂಧ ಬರೆದಿದ್ದಾಳೆ. ತನ್ನ ಮೊದಲ ಏಳು ಹೊಲಿಗೆ, ಟೈಲರ್ ಹೆಂಗಸು, ಅವಳು ಕೊಡಲು ಬಂದ ಕೆಲಸ, ಎಲ್ಲವೂ ತಾರೀಖಿನ ಸಮೇತ ಇವೆ. ಕಾರ್ಯಕ್ರಮದವರು ಹೆಮ್ಮೆಯಿಂದ ಅದನ್ನು ತಮ್ಮ ಜಾಲತಾಣದಲ್ಲಿ ಹಾಕಿದ್ದರು. ನನ್ನ ಮೊದಲ ದೂರಿನ ಮರುವಾರ ಅದು ಅಲ್ಲಿಂದ ಮಾಯವಾಯಿತು. ಮುದ್ರಿಸಿದ ಪ್ರತಿ ನನ್ನ ಬಳಿಯಿದೆ, ನಿಮ್ಮ ಬಳಿಯೂ ಇದೆ. ಮೂರು ಸಲ ಲಗತ್ತಿಸಿದ್ದೆ. ಹುಡುಗಿಗೂ ಬರೆದೆ. ತನಗೆ ಅನುಮತಿ ಇದೆಯೆಂದೇ ನಂಬಿದ್ದೆ, ನೀವೂ ಪಕ್ಕದಲ್ಲಿದ್ದಿರಲ್ಲ ಎಂದು ಉತ್ತರ ಬಂತು. ಅದರಲ್ಲಿ ತಪ್ಪಿಲ್ಲ. ಪಕ್ಕದಲ್ಲೇ ಇದ್ದೆ.

ಇನ್ನೊಂದು ನೆನಪು, ನಿಮಗೂ ಇರಬಹುದು. ಎರಡು ವರ್ಷದ ಹಿಂದೆ ತಪಾಸಣೆಗೆ ಬಂದಿದ್ದಾಗ ನಿಮಗೆ ಎದೆ ಬಿಗಿದಂತಾಗಿ ಇ.ಸಿ.ಜಿ. ಮಾಡಿದರು. ಏನೂ ಇರಲಿಲ್ಲ, ಒಳ್ಳೆಯದೇ ಆಯಿತು. ಆದರೆ ನೀವು ಅಂಗಿಯ ಗುಂಡಿ ಬಿಚ್ಚುವ ಮುಂಚೆಯೇ ನಿಮ್ಮ ಆಪ್ತ ಸಹಾಯಕರು ನನ್ನ ಬಳಿ ಬಂದು, ನಿಮ್ಮ ಹುಡುಗರನ್ನ ಆಚೆ ಕರ್ಕೊಂಡು ಹೋಗಿ, ಸಾಹೇಬರಿಗೆ ಮುಜುಗರ ಆಗುತ್ತೆ ಎಂದರು. ಎರಡು ನಿಮಿಷದಲ್ಲಿ ಕೋಣೆ ಖಾಲಿಯಾಯಿತು. ನಿಮ್ಮಿಂದ ಸಮ್ಮತಿಪತ್ರ ತೆಗೆದುಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲ. ಬೇಡವೆನ್ನುವ ಹಕ್ಕು ಹೇಗಿರುತ್ತದೆ ಎಂದು ನಾನು ಪೂರ್ತಿಯಾಗಿ ಕಂಡದ್ದು ಅಂದು ಮಾತ್ರ. ಅರ್ಧ ಗಂಟೆಯ ನಂತರ ಅದೇ ಮಕ್ಕಳ ಜೊತೆ ಫೋಟೋಗೆ ನಿಂತು, ಇದು ಎರಡು ದೇಶಗಳ ನಡುವಿನ ಸೇತುವೆ ಎಂದಿರಿ.

ನಾನು ಕೆಲಸ ಬಿಟ್ಟಿದ್ದೇನೆ. ತಕ್ಷಣ ಬಿಡಲಿಲ್ಲ, ಚಿಕ್ಕಮ್ಮನ ಕೈ ಕೆಟ್ಟ ಮೇಲೂ ಎರಡು ತಂಡಗಳಿಗೆ ಕೋಟು ಹಂಚಿದೆ. ಬಿಟ್ಟ ದಿನ ಸಂಜೆ ಅಂಗಡಿಗೆ ಹೋಗಿ, ಆ ಹುಡುಗಿ ಡಾಕ್ಟರಲ್ಲ, ನನಗೆ ಅಂದೇ ಗೊತ್ತಿತ್ತು ಎಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಿಷನ್ನಿನ ಚಕ್ರವನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದಳು.

"ಕೋಟು ನೋಡಿ ಕೈ ಕೊಡಲಿಲ್ಲ ಕಣೆ ನಾನು. ಕೋಟು ಹೊಲಿಯೋಳಿಗೆ ಅದರ ಯೋಗ್ಯತೆ ಗೊತ್ತಿಲ್ವಾ? ನೀನು ಹೇಳಿದ್ಯಲ್ಲ ಅಂತ ಕೊಟ್ಟೆ."

ಮಾನ್ಯರೇ, ಈ ಕಾರ್ಯಕ್ರಮವನ್ನು ಇನ್ನೂ ನಾಲ್ಕು ಆಸ್ಪತ್ರೆಗಳಿಗೆ ವಿಸ್ತರಿಸುವ ಕಡತ ನಿಮ್ಮ ಮೇಜಿನ ಮೇಲಿದೆ. ನೋಡಿ ಕಲಿಯುವುದನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆ ಮಕ್ಕಳಲ್ಲಿ ಒಳ್ಳೆಯ ಡಾಕ್ಟರಾಗುವವರಿದ್ದಾರೆ, ಕೊಕ್ಕರೆಯೂ ಆಗಬಹುದು. ಆದರೆ ಮೊಹರು ಒತ್ತುವ ಮುಂಚೆ ಅವರ ಕೋಟು ಬಿಚ್ಚಿಸಿ. ಕಾರ್ಯಕ್ರಮದಿಂದ ಸಂಬಳ ಪಡೆಯದ ಒಬ್ಬರು ಪ್ರತಿ ಮಂಚದ ಬಳಿ ನಿಂತು, ಇವರು ಡಾಕ್ಟರಲ್ಲ, ಬೇಡವೆಂದರೆ ಹೊರಗೆ ಹೋಗುತ್ತಾರೆ ಎಂದು ಹೇಳಲಿ. ನಾನು ಬರೆದ ಸಮ್ಮತಿಪತ್ರವನ್ನು ಹರಿದು ಹಾಕಿ.

ಅದಕ್ಕೂ ಮೊದಲು, ಈ ವಾರವೇ, ನನ್ನ ಚಿಕ್ಕಮ್ಮನ ಕಡತದಲ್ಲಿ ಮೂರು ಮಾತು ಬರೆಸಿ. ಹೊಲಿಗೆ ಹಾಕಿದ್ದು ಓದು ಶುರು ಮಾಡದ ವಿದ್ಯಾರ್ಥಿನಿ. ಬೆರಳು ಮಡಚುತ್ತದೆಯೇ ಎಂದು ಯಾರೂ ನೋಡಲಿಲ್ಲ. ರೋಗಿಯ ತಪ್ಪಿಲ್ಲ. ಅದರ ಕೆಳಗೆ ಶಿಫಾರಸಿಗೆ ಸಹಿ ಹಾಕಿಸಿ. ಸಾಕ್ಷಿಯಾಗಿ ಎಲ್ಲಿ ಕರೆದರೂ ಬರುತ್ತೇನೆ. ನಾನು ಹೇಳಿದ ಸುಳ್ಳನ್ನು ನನ್ನ ಬಾಯಿಂದಲೇ ಬರೆದುಕೊಳ್ಳಿ. ತಿದ್ದಿದ ಪ್ರತಿಯನ್ನು ಅವಳ ಅಂಗಡಿಯ ವಿಳಾಸಕ್ಕೇ ಕಳಿಸಿ. ಓದಿ ಹೇಳಲು ಯಾರನ್ನೂ ಜೊತೆಗೆ ಕಳಿಸಬೇಕಾಗಿಲ್ಲ.

ಇಂತಿ,
ಚಿಕ್ಕಮ್ಮ ಕೇಳಿದಾಗ "ಹೌದು, ಡಾಕ್ಟರೇ" ಎಂದವಳು