ಮೂವತ್ತೊಂದು ಅಂಕದ ಮೇಷ್ಟ್ರು

ಜೂನ್ ೧೨, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಈ ಪತ್ರ ಇಪ್ಪತ್ತೆರಡು ತಿಂಗಳು ತಡವಾಗಿದೆ. ಅದಕ್ಕೆ ಕ್ಷಮೆ ಕೇಳಬೇಕು, ಆದರೆ ಕೇಳಬೇಕಾದದ್ದು ನಿನ್ನನ್ನಲ್ಲ.

ಹೋದ ವರ್ಷಕ್ಕೂ ಹಿಂದಿನ ಆಗಸ್ಟ್ ಹತ್ತೊಂಬತ್ತು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಶಾಲೆಗಳೆಲ್ಲ ಮುಚ್ಚಿ ಮಕ್ಕಳ ಪಾಠ ಆನ್‌ಲೈನ್ ಆಗಿದ್ದ ಕಾಲ. ಮುಖ್ಯೋಪಾಧ್ಯಾಯನಾದ ನೀನು ಪೋಷಕರ ಸಭೆ ಕರೆದು, ಪರದೆಯ ಮೇಲೆ ಕೂಡಿದ್ದ ನೂರ ನಲವತ್ತು ಮನೆಗಳ ಎದುರಿಗೆ, ನಿನ್ನ ಶಾಲೆಯ ಭೂಗೋಳದ ಮೇಷ್ಟ್ರ ಮಾನ ಕಳೆದೆ. ಆ ತಪ್ಪು ಇವತ್ತಿಗೂ ತಿದ್ದುಪಡಿಯಾಗಿಲ್ಲ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಅಚ್ಚಾಗಿ ಹೋದ ತಪ್ಪು ತಾನಾಗಿ ಸರಿಹೋದದ್ದನ್ನು ಒಮ್ಮೆಯೂ ಕಂಡಿಲ್ಲ.

ಇದನ್ನು ಎದುರಿಗೇ ಹೇಳಬಹುದಿತ್ತು. ಎರಡು ಬೀದಿ ದಾಟಿದರೆ ನಿನ್ನ ಮನೆ. ಆದರೆ ಎದುರಿಗೆ ಕೂತರೆ ನೀನು ನಗಿಸಿಬಿಡುತ್ತೀಯ, ಫೋನಿನಲ್ಲಾದರೆ ಮಾತು ಹಾರಿಸುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಮೊದಲು ಮನೆಯ ಸುದ್ದಿ. ನಿನ್ನ ಹೆಂಡತಿಯ ಮೊಣಕಾಲು ನೋವು ಇಳಿದಿದೆ ಎಂದು ಮೊಮ್ಮಗಳು ಹೇಳಿದಳು, ಸಮಾಧಾನವಾಯಿತು. ಮೊಮ್ಮಗಳಿಗೆ ನೀನಿಟ್ಟ ಹೆಸರೇ ನಿಂತುಬಿಟ್ಟಿದೆ. ಬೀದಿಯವರೆಲ್ಲ ಮಿಡತೆ ಎಂದೇ ಕರೆಯುತ್ತಾರೆ. ಈಗ ಹತ್ತನೆಯ ತರಗತಿ, ನನಗಿಂತ ನಾಲ್ಕು ಬೆರಳು ಎತ್ತರ. ಆ ವರ್ಷ ಅವಳ ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯ ಕೆಲಸದಲ್ಲಿ ಮುಳುಗಿಹೋಗಿ ಅವಳು ನನ್ನ ಬಳಿಯೇ ಇದ್ದಳಲ್ಲ, ಹಾಗಾಗಿ ಅವಳ ಎಂಟನೆಯ ತರಗತಿಯನ್ನು ನಾನೂ ಓದಿದೆ ಎನ್ನಬೇಕು. ಊಟದ ಮೇಜಿನ ಆ ತುದಿಯಲ್ಲಿ ಅವಳ ಶಾಲೆ, ಈ ತುದಿಯಲ್ಲಿ ನನ್ನ ಪುಸ್ತಕ. ನೀನು ಅಂಕಿ ಅಂಶ ಮುಂದಿಟ್ಟಾಗ ನಿನಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದದ್ದು ಅದರಿಂದಲೇ.

ಗಮನದ ಅಂಕ ಎಂದು ನೀನು ಅದಕ್ಕೆ ಹೆಸರಿಟ್ಟಿದ್ದೆ. ಯಂತ್ರ ಅರ್ಧ ನಿಮಿಷಕ್ಕೊಮ್ಮೆ ನೋಡುತ್ತದೆ, ಪರದೆಯ ಎದುರು ಮಗುವಿನ ಮುಖ ಇದ್ದರೆ ಗಮನ ಇದೆ, ಇಲ್ಲದಿದ್ದರೆ ಇಲ್ಲ ಎಂದು ನೀನೇ ವಿವರಿಸಿದೆ. ಗಣಿತದ ಮೇಷ್ಟ್ರಿಗೆ ನೂರಕ್ಕೆ ತೊಂಬತ್ತನಾಲ್ಕು ಬಂತು. ಅವರ ಪಾಠದ ಹೊತ್ತಿನಲ್ಲಿ ನಮ್ಮ ಮಿಡತೆ ಮುಖವನ್ನು ಪರದೆಗೆ ನೆಟ್ಟು ಮೇಜಿನ ಕೆಳಗೆ ಕಾಲಿನ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಏನೇ ಅದು ಎಂದು ಗದರಿದೆ.

"ಮೆಲ್ಲಗೆ ಅಜ್ಜಿ. ಮುಖ ಪಾಠ ಕೇಳ್ತಿದೆ, ಕಾಲಿಗೇನು ಕೆಲಸ?"

ಆ ತರಗತಿಯಲ್ಲೇ ಇನ್ನೊಬ್ಬ ಹುಡುಗಿ ಗೋಡೆಯ ಕ್ಯಾಲೆಂಡರನ್ನು ತಂದು ಕುರ್ಚಿಗೆ ಒರಗಿಸಿ ಆಟಕ್ಕೆ ಹೋಗುತ್ತಿದ್ದಳಂತೆ. ಕ್ಯಾಲೆಂಡರಿನ ಚಿತ್ರದ ಹೆಂಗಸು ಹಲ್ಲು ಕಿರಿದು ಕೂತಿರುತ್ತಿದ್ದಳು, ಯಂತ್ರ ಅವಳಿಗೂ ಅಂಕ ಹಾಕುತ್ತಿತ್ತು. ಇದನ್ನು ಹೇಳಿದ್ದು ಯಾರೋ ಹೊಟ್ಟೆಕಿಚ್ಚಿನವರಲ್ಲ, ಗಣಿತದ ಮೇಷ್ಟ್ರೇ, ತರಕಾರಿ ಅಂಗಡಿಯಲ್ಲಿ ಸಿಕ್ಕಾಗ. ಒಂದು ದಿನವೂ ತಪ್ಪಿಸದ ವಿದ್ಯಾರ್ಥಿನಿ ಆ ಚಿತ್ರದವಳೊಬ್ಬಳೇ, ಪರೀಕ್ಷೆಗೆ ಕೂರಿಸಿದ್ದರೆ ಪಾಸಾಗುತ್ತಿದ್ದಳೋ ಏನೋ ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಆ ತೊಂಬತ್ತನಾಲ್ಕನ್ನು ತಾವು ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂದರು.

ಈಗ ಭೂಗೋಳದ ತರಗತಿಯ ಮಾತು. ಉಳಿದ ಮೇಷ್ಟ್ರುಗಳೆಲ್ಲ ಐದು ನಿಮಿಷಕ್ಕೊಮ್ಮೆ ಅರ್ಥವಾಯಿತಾ ಎಂದು ಕೇಳುತ್ತಿದ್ದರು, ಮಕ್ಕಳು ಹೌದು ಸರ್ ಎಂದು ರಾಗ ಎಳೆಯುತ್ತಿದ್ದರು. ಈ ಮನುಷ್ಯ ಒಂದು ದಿನವೂ ಆ ಪ್ರಶ್ನೆ ಕೇಳಲಿಲ್ಲ. ಬೇಸರ ಯಾರಿಗೆ ಬಂದಿದೆ ಎಂದು ಕೇಳುತ್ತಿದ್ದರು. ಮೊದಲ ವಾರ ಎಲ್ಲರೂ ಗಪ್‌ಚಿಪ್. ಎರಡನೆಯ ವಾರ ಒಂದು ಹುಡುಗಿ ಧೈರ್ಯ ಮಾಡಿ "ನಂಗೆ ಸರ್" ಎಂದಳು. "ಒಳ್ಳೇದಾಯ್ತು. ಬೇಸರ ಬಂದವರು ಕಿಟಕಿ ಹತ್ರ ಹೋಗಿ ಏನು ಕಾಣುತ್ತೆ ನೋಡ್ಕೊಂಡು ಬನ್ನಿ. ಇವತ್ತಿನ ಪಾಠ ಅಲ್ಲಿಂದಲೇ" ಎಂದರು. ಅಷ್ಟೇ, ಮೂವತ್ತೆಂಟು ಮಕ್ಕಳಿಗೂ ಒಟ್ಟಿಗೇ ಬೇಸರ ಬಂತು.

ಅಲ್ಲಿಂದ ಅವರ ಪದ್ಧತಿಯೇ ಅದಾಯಿತು. ಪಾಠ ಶುರುವಾಗುವಾಗ ಮನೆಯೊಳಗೆ ಬಿಸಿಲು ಬಿದ್ದ ಜಾಗದ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು, ಮುಗಿಯುವಾಗ ಇನ್ನೊಂದು ಗೆರೆ. ನಡುವಿನ ನಲವತ್ತು ನಿಮಿಷದಲ್ಲಿ ಬಿಸಿಲು ಎಷ್ಟು ಗೇಣು ಸರಿಯಿತು? ಯಾವ ಕಡೆಗೆ? ಹೋದ ವಾರ ಇದೇ ಹೊತ್ತಿಗೆ ಎಲ್ಲಿತ್ತು? ಮಕ್ಕಳು ಮಹಡಿಗೆ ಓಡುವರು, ಹಿತ್ತಿಲಿಗೆ ಓಡುವರು, ಏದುಸಿರು ಬಿಡುತ್ತ ವಾಪಸು ಬಂದು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವರು. ಆ ಗಲಾಟೆಗೆ ನನ್ನ ಪುಸ್ತಕ ಮುಚ್ಚಿಯೇ ಹೋಗುತ್ತಿತ್ತು. ಒಬ್ಬ ಹುಡುಗ ತಮ್ಮ ಮನೆಗೆ ಬಿಸಿಲೇ ಬರುವುದಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೇಷ್ಟ್ರು ಮರುಕ ತೋರಿಸಲಿಲ್ಲ. "ಹಾಗಾದ್ರೆ ನಿಂದೇ ಎಲ್ಲರಿಗಿಂತ ಕಷ್ಟದ ಲೆಕ್ಕ. ಯಾರು ಅಡ್ಡ ನಿಂತಿದ್ದಾರೆ, ಎಷ್ಟು ಎತ್ತರ, ಯಾವ ದಿಕ್ಕು, ಪತ್ತೆ ಮಾಡು" ಎಂದರು. ಆ ಹುಡುಗ ಎದುರು ಕಟ್ಟಡದ ಅಂತಸ್ತು, ಅದರ ನೆರಳು ಎಲ್ಲವನ್ನೂ ಮೂರು ವಾರ ಅಳೆದ. ನಮ್ಮ ಮನೆ ನೆಲದ ಮೇಲೂ ಗೆರೆಗಳೋ ಗೆರೆಗಳು. ಕಸ ಗುಡಿಸುವವಳಿಗೆ ಆ ಮೂಲೆಗೆ ಪೊರಕೆ ತಾಗಿಸಬೇಡ ಎಂದು ಮಿಡತೆ ಆಜ್ಞೆ ಮಾಡಿದ್ದಳು.

ಮಕ್ಕಳು ಎದ್ದು ಓಡಿದಾಗ ಪರದೆಯ ಮೇಲೆ ಉಳಿಯುತ್ತಿದ್ದದ್ದು ಮೂವತ್ತೆಂಟು ಖಾಲಿ ಕುರ್ಚಿ. ಯಂತ್ರ ಅದನ್ನು ಎಣಿಸಿತು. ನೂರಕ್ಕೆ ಮೂವತ್ತೊಂದು.

ಆ ಬುಧವಾರ ನೀನು ಆಡಿದ ಮಾತು ಅಕ್ಷರಶಃ ನೆನಪಿದೆ. "ಮಕ್ಕಳನ್ನು ಪರದೆಯ ಮುಂದೆ ಹಿಡಿದಿಡಲಾರದವರಿಗೆ ಪರದೆ ತಕ್ಕದ್ದಲ್ಲ" ಎಂದೆ. ಪ್ರಾಸದಂತೆ ಕೇಳಿಸಿತು, ಕೆಲವರು ಕೈತಟ್ಟುವ ಗುರುತು ಹಾಕಿದರು. ಮರುದಿನದಿಂದ ಭೂಗೋಳಕ್ಕೆ ಮೊದಲೇ ಚಿತ್ರೀಕರಿಸಿಟ್ಟ ಪಾಠ ಬಂತು. ಶಾಲೆ ಮತ್ತೆ ತೆರೆದಾಗಲೂ ಮೇಷ್ಟ್ರಿಗೆ ತರಗತಿ ಸಿಗಲಿಲ್ಲ, ನಕ್ಷೆಯ ಕೋಣೆಯ ಬೀಗದ ಕೈ ಸಿಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವರ ಮಾನ ಹೋದದ್ದು ಅಡಿಕೆಗೂ ಅಲ್ಲ, ಖಾಲಿ ಕುರ್ಚಿಗೆ.

ನಾನು ಈಗ ಏಕೆ ಬರೆಯುತ್ತಿದ್ದೇನೆ ಎಂದರೆ, ಹೋದ ಸೋಮವಾರ ಮಿಡತೆಯ ಅಂಕಪಟ್ಟಿ ತರಲು ಶಾಲೆಗೆ ಬಂದಿದ್ದೆ. ನೀನು ಯಾವುದೋ ಸಭೆಯಲ್ಲಿದ್ದೆ. ಸೂಚನಾ ಫಲಕದಲ್ಲಿ ನಿನ್ನ ಸಹಿಯ ನೋಟಿಸ್ ಓದಿದೆ: ಚಾವಣಿ ರಿಪೇರಿಯ ಕಾರಣ ಮುಂದಿನ ತಿಂಗಳಿಂದ ಮೂರು ತಿಂಗಳು ಎಂಟು ಮತ್ತು ಒಂಬತ್ತನೆಯ ತರಗತಿಗಳು ಆನ್‌ಲೈನ್. ಎಲ್ಲ ಶಿಕ್ಷಕರೂ ಪಾಠ ಮಾಡಬೇಕು. ಗಮನದ ಅಂಕ ಎರಡು ಬಾರಿ ಐವತ್ತಕ್ಕಿಂತ ಕಡಿಮೆ ಬಂದವರನ್ನು ಮುಂದುವರಿಸಲಾಗುವುದಿಲ್ಲ. ಹಳೆಯ ಅಂಕವೂ ಲೆಕ್ಕಕ್ಕೆ ಉಂಟು ಎಂದು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದ್ದೀಯ. ಸಣ್ಣಕ್ಷರ ಓದುವುದೇ ನನ್ನ ಕಸುಬಾಗಿತ್ತು, ಮರೆತೆಯಾ? ಒಬ್ಬರಿಗೆ ಒಂದು ಬಾರಿ ಆಗಲೇ ಆಗಿಹೋಗಿದೆ.

ಮೇಷ್ಟ್ರನ್ನು ನೋಡಲು ನಕ್ಷೆಯ ಕೋಣೆಗೆ ಹೋದೆ. ಬಾಗಿಲಲ್ಲೇ ಗುಮಾಸ್ತ "ಮೂವತ್ತೊಂದು ಒಳಗೇ ಇದ್ದಾರೆ, ಹೋಗಿ" ಎಂದ. ತಮಾಷೆಗೆ ಅಂದದ್ದೂ ಅಲ್ಲ, ಅಭ್ಯಾಸವಾಗಿಬಿಟ್ಟಿದೆ. ಮೇಷ್ಟ್ರು ಸ್ಕೇಲ್ ಇಟ್ಟು ಯಾರ ಯಾರದೋ ವೇಳಾಪಟ್ಟಿಗೆ ಗೆರೆ ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ಕುರ್ಚಿ ಕೊಟ್ಟು, ಮಿಡತೆ ಈಗಲೂ ಗೆರೆ ಹಾಕುತ್ತಾಳೋ ಎಂದು ಕೇಳಿದರು. ಆ ಮೂಲೆಯ ನೆಲಕ್ಕೆ ಬಣ್ಣ ಬಳಿಯಲು ಬಿಡುವುದಿಲ್ಲ ಎಂದೆ. ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಮೇಜಿನ ಮೇಲಿದ್ದ ಹೊಸ ದೀಪ ತೋರಿಸಿದರು. ಮುಖಕ್ಕೆ ಬೆಳಕು ಬೀಳಲೆಂದು ತಂದದ್ದಂತೆ. ಕನ್ನಡಿಯೆದುರು ನಲವತ್ತು ನಿಮಿಷ ಅಲ್ಲಾಡದೆ ಮಾತಾಡುವುದನ್ನು ಮನೆಯಲ್ಲಿ ರೂಢಿ ಮಾಡುತ್ತಿದ್ದಾರಂತೆ.

"ಈ ಸಲ ಮಕ್ಕಳನ್ನ ಏಳಿಸಲ್ಲ ಅಮ್ಮ. ಕೂತ್ಕೊಂಡು ನನ್ನ ಮುಖ ನೋಡ್ಲಿ, ಸಾಕು. ನಂಗಿನ್ನೂ ಆರು ವರ್ಷ ಕೆಲಸ ಬೇಕು."

ತಮ್ಮಾ, ನನಗೆ ಸಿಟ್ಟು ಬಂದದ್ದು ಅವರ ಕೆಲಸ ಹೋಗಬಹುದು ಎಂದು ಮಾತ್ರ ಅಲ್ಲ. ಆ ಕೆಲಸ ಉಳಿಸಿಕೊಳ್ಳಲು ಒಬ್ಬ ಒಳ್ಳೆಯ ಮೇಷ್ಟ್ರು ಕೆಟ್ಟ ಮೇಷ್ಟ್ರಾಗುವುದನ್ನು ಕನ್ನಡಿ ಇಟ್ಟುಕೊಂಡು ಕಲಿಯುತ್ತಿದ್ದಾರೆ.

ನಿನ್ನ ವಾದವೂ ನನಗೆ ಗೊತ್ತು. ಹೋದ ತಿಂಗಳು ಊಟಕ್ಕೆ ಬಂದಾಗ ಹೇಳಿದೆಯಲ್ಲ: "ಅಕ್ಕ, ಮೇಲಿನವರಿಗೆ ನಾನು ಉತ್ತರ ಕೊಡ್ಬೇಕು. ಮನೆಮನೆಗೆ ಹೋಗಿ ಮಕ್ಕಳು ಕಲೀತಿದ್ದಾರಾ ಅಂತ ನೋಡಕ್ಕಾಗುತ್ತಾ?" ಆಗುವುದಿಲ್ಲ, ಒಪ್ಪಿದೆ. ನಿನ್ನ ತಲೆಯ ಮೇಲಿದ್ದ ಭಾರವೂ ಸಣ್ಣದಲ್ಲ. ಆದರೆ ನೋಡಲಾಗದಿದ್ದರೆ ನೋಡಿಲ್ಲ ಎನ್ನಬೇಕು. ನೋಡಿದ್ದೇನೆ ಎಂದು ಅಂಕಿ ಹೇಳಬಾರದು.

ಇನ್ನೊಂದು ಹಳೆಯ ಮಾತು. ನೀನು ಆರನೆಯ ತರಗತಿಯಲ್ಲಿದ್ದಾಗ ಕಿಟಕಿಯಾಚೆ ನೋಡುತ್ತಿದ್ದೆ ಎಂದು ಮೇಷ್ಟ್ರೊಬ್ಬರು ಬೆಂಚಿನ ಮೇಲೆ ನಿಲ್ಲಿಸಿ, ಇವನ ತಲೆ ಬಾಡಿಗೆಗೆ ಖಾಲಿ ಇದೆ ಎಂದು ತರಗತಿಗೆಲ್ಲ ಹೇಳಿದರು. ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಿದ್ದೆ ನೀನು, ಐವತ್ತಮೂರು ಎಣಿಸಿದ್ದೆ. ಎರಡು ದಿನ ಜ್ವರ ಬಂತು. ಅಪ್ಪ ಜಗಳಕ್ಕೆ ಹೋಗಲಿಲ್ಲ. ಮೂರನೆಯ ದಿನ ನಿನ್ನ ಕೈ ಹಿಡಿದು ಶಾಲೆಗೆ ಹೋಗಿ, ಎಲ್ಲರ ಎದುರು ಅಂದದ್ದನ್ನು ಎಲ್ಲರ ಎದುರೇ ಹಿಂದಕ್ಕೆ ತಗೊಳ್ಳಿ ಎಂದು ಬಾಗಿಲಲ್ಲಿ ನಿಂತರು. ಆ ಮೇಷ್ಟ್ರು ತಗೊಂಡರು. ನೀನು ಅವತ್ತು ಮಧ್ಯಾಹ್ನ ಮೂರು ಸಲ ಬಡಿಸಿಕೊಂಡು ಉಂಡೆ. ಬಡಿಸಿದ್ದು ನಾನೇ.

ಇದೇ ಶನಿವಾರ ಪೋಷಕರ ಸಭೆ ಇದೆ. ಈ ಸಲ ಪರದೆಯಲ್ಲಲ್ಲ, ಶಾಲೆಯ ಸಭಾಂಗಣದಲ್ಲೇ. ಅಲ್ಲಿ ನೀನು ಆ ಮೂವತ್ತೊಂದನ್ನು ಹಿಂದಕ್ಕೆ ತಗೋ. ಗುಟ್ಟಾಗಿ ಕಡತದಿಂದ ಅಳಿಸಬೇಡ.

ನಿನಗೂ ನಿನ್ನ ಹೆಂಡತಿಗೂ ಒಳ್ಳೆಯದಾಗಲಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಈ ಪತ್ರ ಓದುವ ಮೊದಲೇ ನುಂಗಿದ್ದರೆ ಒಳ್ಳೆಯದಿತ್ತು.

ಎಂದೆಂದೂ ನಿನ್ನ ಹಿತ ಬಯಸುವ,
ಅಕ್ಕ

ಮತ್ತೆ: ಮೇಲೆಲ್ಲ ಬರೆದು ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಕೈ ನಿಂತಿತು. ಒಂದು ಸಂಗತಿ ಬೇಕೆಂದೇ ಬಿಟ್ಟಿದ್ದೆ. ಆ ಬುಧವಾರ ಅಂಕ ಓದುವ ಮೊದಲು ನೀನು ಒಂದು ದೂರನ್ನು ಓದಿದೆ. ಹಿರಿಯ ಪೋಷಕರೊಬ್ಬರ ದೂರು ಎಂದೆ, ಹೆಸರು ಹೇಳಲಿಲ್ಲ. ಭೂಗೋಳದ ಪಾಠದ ಹೊತ್ತಿನಲ್ಲಿ ಮಗು ಮಹಡಿಯ ಮೇಲೆ ಅಲೆಯುತ್ತಿರುತ್ತದೆ, ಮೇಷ್ಟ್ರಿಗೆ ಅದರ ಪರಿವೆಯೇ ಇಲ್ಲ, ಹೀಗೆ. ಆ ವಾಕ್ಯ ನನ್ನದು. ಶಾಲೆ ಆನ್‌ಲೈನ್ ಆದ ಹೊಸತರಲ್ಲಿ, ಇನ್ನೂ ಏನೂ ಕೇಳದೆ, ನೋಡದೆ, ಫೋನಿನಲ್ಲಿ ನಿನ್ನ ಹತ್ತಿರ ಹಾಸ್ಯವಾಗಿ ಗೊಣಗಿದ್ದೆ. ಅದು ದೂರಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಸಭೆಯ ದಿನಕ್ಕೆ ನನಗೆ ಎಲ್ಲವೂ ಗೊತ್ತಿತ್ತು. ಮೇಷ್ಟ್ರು ತಮ್ಮ ಮೈಕ್ ತೆರೆದು, "ಯಾವ ಮಗು ಅಂತ ಹೇಳಿದ್ರೆ ನಾನೇ ಅವರ ಹತ್ರ ಮಾತಾಡ್ತೀನಿ ಸರ್" ಎಂದು ಕಾದರು. ನೀನು ಸುಮ್ಮನಿದ್ದೆ. ನಾನೂ ಸುಮ್ಮನಿದ್ದೆ, ನನ್ನ ಬೆರಳು ಮೈಕಿನ ಗುಂಡಿಯ ಮೇಲೇ ಇತ್ತು. ನಮ್ಮಿಬ್ಬರಲ್ಲಿ ಯಾರೂ ಇಷ್ಟು ದಿನ ಈ ಮಾತು ಎತ್ತಲಿಲ್ಲ. ಮೊನ್ನೆ ನಕ್ಷೆಯ ಕೋಣೆಯಿಂದ ಹೊರಡುವಾಗ ಅವರು ಅಂದರು: "ಯಾವ ಮಗುವಿಗೆ ನನ್ನ ಪಾಠ ಹಿಡಿಸ್ಲಿಲ್ಲ ಅನ್ನೋದೇ ಇವತ್ತಿಗೂ ಗೊತ್ತಾಗ್ಲಿಲ್ಲ ಅಮ್ಮ. ಅದೊಂದು ಗೊತ್ತಾಗಿದ್ರೆ ಸಾಕಿತ್ತು." ಆಗಲೂ ನಾನು ಹೇಳಲಿಲ್ಲ, ಮೆಟ್ಟಿಲಿಳಿದು ಬಂದೆ.

ಶನಿವಾರ ಸಭೆ ಶುರುವಾದ ಕೂಡಲೇ ನಾನು ಎದ್ದು ನಿಂತು ಆ ದೂರು ನನ್ನದು, ಅದು ಸುಳ್ಳು ಎಂದು ಹೇಳುತ್ತೇನೆ. ಅದರ ಬೆನ್ನಿಗೇ ನಿನಗೊಂದು ಪ್ರಶ್ನೆ ಕೇಳುತ್ತೇನೆ, ಈಗಲೇ ತಿಳಿಸಿದ್ದೇನೆ, ಆಮೇಲೆ ಅಕ್ಕ ಮೋಸ ಮಾಡಿದಳು ಎನ್ನಬೇಡ. ಮೂವತ್ತೊಂದು ಎಂದು ಓದುವ ಮೊದಲು, ಆ ಮೇಷ್ಟ್ರ ತರಗತಿಯಲ್ಲಿ ನೀನು ಒಂದೇ ಒಂದು ದಿನವಾದರೂ ಕೂತಿದ್ದೆಯಾ? ಹೌದು ಅಥವಾ ಇಲ್ಲ, ಅಷ್ಟು ಸಾಕು. ಆದರೆ ಎಲ್ಲರಿಗೂ ಕೇಳುವಂತೆ ಹೇಳು.