ಐದು ಕಡೆ ‘ಏನೂ ಇಲ್ಲ’

ಜೂನ್ 3, ಸೋಮವಾರ

ಬಿ.ಪಿ. ಮಾತ್ರೆ ಆಯಿತು. ಮೊಣಕಾಲು ಇವತ್ತು ಪರವಾಗಿಲ್ಲ. ಎಂದಿನಂತೆ ಎಂಟಕ್ಕೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಎರಡು ವಾರ್ಡ್ ಸುತ್ತಿದೆ. ಆಡಳಿತ ಮಂಡಳಿ ಸದಸ್ಯೆ ಎಂದರೆ ತಿಂಗಳಿಗೊಮ್ಮೆ ಚಹಾ ಕುಡಿದು ಬರುವವಳಲ್ಲ ನಾನು. ಹೆಂಗಸರ ವಾರ್ಡಿನಲ್ಲಿ ಏಳನೇ ಮಂಚದ ಬೆಡ್‌ಶೀಟ್ ತೆಗೆಸಿ ಬೆಳಕಿಗೆ ಹಿಡಿಸಿದೆ. ಹಳದಿ ಕಲೆ. ನಿನ್ನೆ ಒಗೆದು ಬಂದದ್ದಂತೆ. ಬಟ್ಟೆಗೆ ನೀರು ತೋರಿಸಿ ತಂದಿದ್ದಾರೆ, ಅಷ್ಟೇ.

ಹನ್ನೊಂದಕ್ಕೆ ಸಭೆ. ಅದೇ ಬೆಡ್‌ಶೀಟನ್ನು ಒಯ್ದು ಮೇಜಿನ ಮೇಲೆ ಹರಡಿದೆ. ಅಧ್ಯಕ್ಷೆ ಡಾಕ್ಟರಮ್ಮ ಕುರ್ಚಿ ಹಿಂದೆ ಸರಿಸಿಕೊಂಡರು. ಲಾಂಡ್ರಿಯವನ ಕರಾರು ಮುಗಿಯುತ್ತ ಬಂದಿದೆ. ಅವನನ್ನೇ ಮುಂದುವರಿಸೋಣ ಎಂದು ಮೊದಲೇ ಬರೆದಿಟ್ಟುಕೊಂಡು ಬಂದಿದ್ದರು. ನಾನು ಬಿಡಲಿಲ್ಲ. ಹೊಸ ಟೆಂಡರ್ ಕರೆಯುವುದೆಂದು ತೀರ್ಮಾನವಾಯಿತು. ಇನ್ನೊಬ್ಬ ಸದಸ್ಯರು, ನಮ್ಮ ಮೇಷ್ಟ್ರು ಕೂಡ ಕೈ ಎತ್ತಿದರು. ನಾನು ಪೂರ್ವ ಎಂದರೆ ಪಶ್ಚಿಮ ಎನ್ನುವ ಮನುಷ್ಯ...

ಹೊರಡುವಾಗ ಕಾರ್ಯದರ್ಶಿ ಹುಡುಗಿ ಒಂದು ಫಾರಂ ಕೊಟ್ಟಳು. ‘ಹಿತಾಸಕ್ತಿ ಘೋಷಣೆ’. ಹೊಸ ನಿಯಮವಂತೆ. ಆಸ್ಪತ್ರೆಯ ಕೆಲಸಕ್ಕೆ ತಾಗಬಹುದಾದ ವ್ಯಾಪಾರ, ಪಾಲು, ಆಸ್ತಿ, ನೆಂಟಸ್ತಿಕೆ, ಉಡುಗೊರೆ. ನಮ್ಮದೂ ಮನೆಯವರದೂ. ಇಪ್ಪತ್ತನೇ ತಾರೀಕಿನೊಳಗೆ ಕೊಡಬೇಕು. ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಒಂದು ಬಿಸ್ಕತ್ತು ಮುಟ್ಟದೆ ದುಡಿದವಳಿಗೆ ಇದೊಂದು ಪರೀಕ್ಷೆಯೋ ಎಂದು ಕೇಳಿದೆ.

‘ಕಳ್ಳರನ್ನ ಹಿಡಿಯೋಕಲ್ಲ ಅಮ್ಮಾ,’ ಎಂದಳು. ‘ಒಳ್ಳೆಯವರು ಸಿಕ್ಕಿಹಾಕಿಕೊಳ್ಳಬಾರದು ಅಂತ.’

ಬಾಯಿ ಚುರುಕು. ಮನೆಗೆ ಬಂದು ಐದು ಕಾಲಂಗಳಲ್ಲೂ ‘ಏನೂ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದೆ. ಮನೆ ಇದೆ, ಅದು ಯಜಮಾನರು ಬಿಟ್ಟುಹೋದದ್ದು. ಹಿಂದಿನ ಶೆಡ್ಡಿನಲ್ಲಿ ಸೊಸೆಯ ಲಾಂಡ್ರಿ ಇದೆ, ಅದು ಸೊಸೆಯದು. ಹೋಟೆಲಿನ ಬಟ್ಟೆ ಒಗೆಯುತ್ತದೆ. ಅದಕ್ಕೂ ಆಸ್ಪತ್ರೆಗೂ ಎತ್ತಣಿಂದೆತ್ತ ಸಂಬಂಧ.

ಜೂನ್ 7, ಶುಕ್ರವಾರ

ಫಾರಂ ಇನ್ನೂ ಚೀಲದಲ್ಲೇ ಇದೆ. ಅಲ್ಲೇ ಇದ್ದದ್ದು ಒಳ್ಳೆಯದಾಯಿತೋ ಏನೋ.

ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ಹೇಳಿದಳು, ಆಸ್ಪತ್ರೆಯ ಲಾಂಡ್ರಿ ಟೆಂಡರ್‌ಗೆ ಅರ್ಜಿ ಹಾಕುತ್ತಾಳಂತೆ. ಪೇಪರಿನಲ್ಲಿ ಪ್ರಕಟಣೆ ಬಂದಿತ್ತಂತೆ. ಹೋಟೆಲಿನವರು ಮುಂದಿನ ತಿಂಗಳಿಂದ ತಮ್ಮಲ್ಲೇ ಯಂತ್ರ ಇಟ್ಟುಕೊಳ್ಳುತ್ತಾರೆ. ಇದು ಸಿಗದಿದ್ದರೆ ಅವಳ ಹತ್ತಿರ ಕೆಲಸಕ್ಕಿರುವ ನಾಲ್ಕು ಹೆಂಗಸರಲ್ಲಿ ಮೂವರನ್ನು ಬಿಡಿಸಬೇಕಾಗುತ್ತದೆ.

ತುತ್ತನ್ನು ತಟ್ಟೆಗೇ ಇಳಿಸಿದೆ. ನಾಲ್ಕು ದಿನದ ಹಿಂದೆ ಬೆಡ್‌ಶೀಟ್ ಹರಡಿ ಹಳೆಯ ಲಾಂಡ್ರಿಯವನನ್ನು ಎಬ್ಬಿಸಿದವಳು ನಾನು. ಈಗ ನನ್ನ ಮನೆಯವರೇ ಆ ಜಾಗಕ್ಕೆ. ನನಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಾನಾದರೂ ನಂಬುತ್ತಿದ್ದೆನೆ?

ಮಗನಿಗೆ ಇದಾವುದೂ ಹೊಳೆಯಲಿಲ್ಲ. ನೀವು ಒಳಗಿರೋದು ಒಳ್ಳೇದೇ ಆಯ್ತಲ್ಲಮ್ಮ ಎಂದ. ಒಂದು ನೋಟ ನೋಡಿದೆ. ನಲವತ್ತೆರಡು ವರ್ಷದ ಗಂಡಸು, ತಟ್ಟೆ ಕಡೆ ಮುಖ ಮಾಡಿದ.

ಸೊಸೆ ಮಾತ್ರ, ‘ನಿಮ್ಮ ಶಿಫಾರಸು ಬೇಡ ಅತ್ತೆ. ನನ್ನ ಕೆಲಸ ನೋಡಿ ಕೊಡೋದಾದ್ರೆ ಕೊಡ್ಲಿ,’ ಎಂದಳು.

ಇವಳಿಗೆ ಸೊಕ್ಕು ಎಂದು ಹದಿನಾಲ್ಕು ವರ್ಷದಿಂದ ಅಂದುಕೊಂಡಿದ್ದೇನೆ. ಇವತ್ತು ಅದು ಸೊಕ್ಕಿನ ಹಾಗೆ ಕೇಳಿಸಲಿಲ್ಲ.

ಜೂನ್ 8, ಬೆಳಿಗ್ಗೆ ಆರು

ನಿದ್ದೆ ಇಲ್ಲ. ಎದ್ದು ಬೀರು ತೆಗೆದು ಮೊದಲ ಸಹಿಗಳ ಫೈಲು ನೋಡಿದೆ.

ನಮ್ಮ ಮನೆಯ ಪದ್ಧತಿ ಇದು, ಮಾವನವರು ಹಾಕಿದ್ದು. ಮನೆಯಲ್ಲಿ ಯಾರು ಏನು ಶುರು ಮಾಡಿದರೂ ಕಾಗದದ ಮೇಲೆ ಹಿರಿಯರ ಸಹಿ ಮೊದಲು ಬೀಳಬೇಕು. ಆಶೀರ್ವಾದದ ಲೆಕ್ಕ. ಓದಿ ಹಾಕುವ ಹಾಗಿಲ್ಲ, ಓದಿದರೆ ಮಕ್ಕಳ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದೆ. ಯಜಮಾನರು ಹೋದ ಮೇಲೆ ಆ ಸಹಿ ನನ್ನದಾಯಿತು. ಮಂಡಳಿಯಲ್ಲಿ ಒಂದು ಪೂರ್ಣವಿರಾಮವನ್ನೂ ಬಿಡದೆ ಓದುವವಳು ಮನೆಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿದ್ದೇನೆ. ಅದಕ್ಕೊಂದು ಹೆಮ್ಮೆ ಬೇರೆ.

ಲಾಂಡ್ರಿಯ ಕಾಗದ ಸಿಕ್ಕಿತು. ಎಂಟು ವರ್ಷದ ಹಿಂದಿನದು. ಇವತ್ತು ಮೊದಲ ಸಲ ಓದಿದೆ. ಪಾಲುದಾರಿಕೆ ಪತ್ರ. ಪಾಲುದಾರರು ಇಬ್ಬರು. ಒಬ್ಬಳು ಸೊಸೆ. ಇನ್ನೊಬ್ಬಳು ನಾನು. ಮೂರರಲ್ಲಿ ಒಂದು ಪಾಲು ನನ್ನದು.

ಮತ್ತೆ ಓದಿದೆ. ಕನ್ನಡಕ ಒರೆಸಿ ಮೂರನೇ ಸಲವೂ ಓದಿದೆ. ಅದೇ.

ಅದೇ ದಿನ, ಹತ್ತು ಗಂಟೆ

ಶೆಡ್ಡಿಗೆ ಹೋದೆ. ಸೊಸೆ ಯಂತ್ರದಿಂದ ಬಟ್ಟೆ ಹೊರಗೆಳೆಯುತ್ತಿದ್ದಳು. ಕಾಗದ ತೋರಿಸಿದೆ. ಕೈ ಒರೆಸಿಕೊಂಡು ನೋಡಿ, ಶೆಡ್ಡು ನಿಮ್ಮ ಹೆಸರಲ್ಲಿತ್ತು, ನೀವೂ ಪಾಲಿಗೆ ಸೇರಿದರೆ ಸಾಲ ಕೊಡುತ್ತೇವೆ ಎಂದು ಬ್ಯಾಂಕಿನವರು ಹೇಳಿದ್ದರು ಎಂದಳು.

ನನಗೆ ಯಾಕೆ ಹೇಳಲಿಲ್ಲ ಎಂದು ಗದರಿಸಿದೆ.

‘ಹೇಳೋಕೆ ಬಂದೆ ಅತ್ತೆ. ಓದಿ ಹೇಳಬೇಡ, ಪೆನ್ನು ಕೊಡು ಅಂದ್ರಿ.’

ಅಂದಿರುತ್ತೇನೆ. ನನ್ನದೇ ಮಾತಿನ ಧಾಟಿ. ನನ್ನ ಪಾಲಿಗೆ ಬಂದದ್ದೆಲ್ಲ ಪ್ರತಿ ವರ್ಷ ನನ್ನ ಹೆಸರಿನ ಖಾತೆಗೇ ಹಾಕಿದ್ದಾಳಂತೆ. ಆ ಪಾಸ್‌ಬುಕ್ಕನ್ನೂ ನಾನು ತೆರೆದು ನೋಡಿದವಳಲ್ಲ.

ಬಿಸಿನೀರಿನಲ್ಲಿ ಅವಳ ಬೆರಳ ತುದಿಗಳು ಬೆಳ್ಳಗಾಗಿ ಸುಕ್ಕುಗಟ್ಟಿವೆ. ಮನೆಯ ಸೊಸೆ ಊರವರ ಬಟ್ಟೆ ಒಗೆಯುವುದೇ ಎಂದು ಆಗ ಮೂರು ದಿನ ಮಾತು ಬಿಟ್ಟಿದ್ದೆ. ಇಷ್ಟು ವರ್ಷ ಅದರಲ್ಲಿ ನಾನೂ ಪಾಲುದಾರಳು.

ಜೂನ್ 9

ಮಗ ಉಪಾಯ ತಂದಿದ್ದಾನೆ. ಕಳೆದ ವರ್ಷವೇ ಪಾಲು ಬಿಟ್ಟೆ ಎಂದು ಹಿಂದಿನ ತಾರೀಕು ಹಾಕಿ ಒಂದು ಕಾಗದ ಮಾಡಿಸೋಣವಂತೆ. ಯಾರಿಗೆ ಗೊತ್ತಾಗುತ್ತೆ ಎಂದ. ನನಗೆ ಗೊತ್ತಾಗುತ್ತೆ ಎಂದೆ. ಅಲ್ಲಿಗೆ ಮುಗಿಯಿತು.

ಜೂನ್ 13

ಮೇಷ್ಟ್ರ ನೆನಪೇ ಸುಡುತ್ತಿದೆ. ಎರಡು ವರ್ಷದ ಹಿಂದೆ ಆಸ್ಪತ್ರೆ ಗೇಟಿನ ಔಷಧಿ ಅಂಗಡಿ ಅವರ ತಂಗಿಯ ಮಗನಿಗೆ ಹೋಯಿತು. ಸಭೆಯಲ್ಲಿ ಸುಮ್ಮನೆ ಕೂತು ಕೈ ಎತ್ತಿದ್ದರು. ಆಮೇಲೆ ಗೊತ್ತಾಗಿ ನಾನು ಎಲ್ಲರ ಎದುರು ಎದ್ದು ನಿಂತು, ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದಿದ್ದೆ. ಕಿವಿ ಕೆಂಪಾಗಿ ಕೂತಿದ್ದರು ಪಾಪ. ಅಂಗಡಿಯನ್ನು ಮತ್ತೆ ಹರಾಜು ಹಾಕಿಸಿದೆ. ಮನೆಗೆ ಬಂದು ಈ ಪುಸ್ತಕದಲ್ಲಿ ಒಂದು ಪುಟ ಬರೆದುಕೊಂಡಿದ್ದೆ, ಅದೂ ಖುಷಿಯಿಂದ.

ಈಗ ಬೇಲಿ ಯಾರು?

ಜೂನ್ 17, ಸೋಮವಾರ

ಇವತ್ತು ವಾರ್ಡಿಗೆ ಹೋಗಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ.

ಸಂಜೆ ಸೊಸೆಯನ್ನು ಕರೆದೆ. ಅರ್ಜಿ ವಾಪಸ್ ತೆಗೆದುಕೋ ಎಂದು ಹೇಳಬೇಕೆಂದೇ ಕರೆದದ್ದು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

‘ನೀವು ಹೇಳಿದ್ರೆ ಹಿಂದೆ ತಗೋತೀನಿ. ಆದ್ರೆ ನೀವೇ ಹೇಳ್ಬೇಕು. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನಾನು ಊಹೆ ಮಾಡ್ಕೊಂಡು ಕೂರಲ್ಲ. ಹದಿನಾಲ್ಕು ವರ್ಷ ಅದನ್ನೇ ಮಾಡಿ ಸಾಕಾಗಿದೆ.’

ನನ್ನ ಎದುರು ನಿಂತು ಹೀಗೆ ಮಾತಾಡಿದವರು ಈ ಮನೆಯಲ್ಲಿ ಯಾರೂ ಇಲ್ಲ. ಸಿಟ್ಟು ಬರಬೇಕಿತ್ತು. ನನ್ನ ಮರ್ಯಾದೆ ಉಳಿಸಲು ಇವಳೂ ಆ ಮೂರು ಹೆಂಗಸರೂ ಯಾಕೆ ಕೈ ಖಾಲಿ ಮಾಡಿಕೊಳ್ಳಬೇಕು? ಮಂಡಳಿಗೆ ರಾಜೀನಾಮೆ ಕೊಟ್ಟರೆ? ಅದೂ ಓಡಿಹೋದ ಹಾಗೆ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ಜೂನ್ 18

ಕಾರ್ಯದರ್ಶಿ ಹುಡುಗಿಯ ಕೋಣೆಗೆ ಹೋದೆ. ಬಾಗಿಲು ಹಾಕು ಎಂದೆ. ಎಲ್ಲ ಹೇಳಿದೆ — ಪಾಲು, ಶೆಡ್ಡು, ಸೊಸೆಯ ಅರ್ಜಿ, ಓದದೆ ಹಾಕಿದ ಸಹಿ. ಪೊಲೀಸರಿಗೆ ಫೋನ್ ಮಾಡುತ್ತಾಳೇನೋ ಎನ್ನುವ ಹಾಗೆ ಅವಳ ಮುಖ ನೋಡುತ್ತ ಕೂತೆ.

ಅವಳು ಡ್ರಾಯರಿನಿಂದ ಇನ್ನೊಂದು ಖಾಲಿ ಫಾರಂ ತೆಗೆದಳು. ಸದಸ್ಯರ ಮನೆಯವರು ಟೆಂಡರ್ ಹಾಕಬಾರದು ಎಂದು ಇಲ್ಲಿನ ನಿಯಮದಲ್ಲಿ ಇಲ್ಲವಂತೆ. ಫಾರಂನಲ್ಲಿ ಬರೆದುಕೊಡಬೇಕು, ಸಭೆಯಲ್ಲಿ ಬಾಯಿ ಬಿಟ್ಟು ಹೇಳಬೇಕು, ಲಾಂಡ್ರಿಯ ವಿಷಯ ಬಂದಾಗಲೆಲ್ಲ ಎದ್ದು ಹೊರಗೆ ಹೋಗಬೇಕು. ಹೋದ ಸಭೆಯಲ್ಲಿ ಬೆಡ್‌ಶೀಟ್ ಹರಡಿದ್ದನ್ನೂ ಹೇಳಿಬಿಡಿ ಎಂದಳು.

‘ಅಷ್ಟೇನಾ?’

‘ಅಷ್ಟೇ ಅಮ್ಮಾ. ಹೇಳದೇ ಇದ್ರೆ ಮಾತ್ರ ಅಷ್ಟಕ್ಕೇ ನಿಲ್ಲಲ್ಲ.’

ಅಲ್ಲೇ ಕೂತು ಬರೆದೆ. ವ್ಯಾಪಾರ: ಲಾಂಡ್ರಿ. ಪಾಲು: ಮೂರರಲ್ಲಿ ಒಂದು. ಆಸ್ತಿ: ಲಾಂಡ್ರಿಯ ಕಟ್ಟಡ. ನೆಂಟಸ್ತಿಕೆ: ಸೊಸೆ. ಉಡುಗೊರೆಯ ಕಾಲಂ ಒಂದಕ್ಕೆ ಮಾತ್ರ ‘ಏನೂ ಇಲ್ಲ’. ಹಳೆಯ ಫಾರಂ ಹರಿಯಲು ಹೋದೆ. ಇನ್ನೂ ಕೊಟ್ಟಿಲ್ಲವಲ್ಲ ಅಮ್ಮಾ, ಮನೆಯಲ್ಲಿ ನೀವೇ ಹರಿದುಕೊಳ್ಳಿ ಎಂದು ನಕ್ಕಳು.

ಮನೆಗೆ ಬಂದು ಸೊಸೆಗೆ, ಅರ್ಜಿ ಇರಲಿ ಎಂದೆ. ಸರಿ ಎಂದಳು. ಯಂತ್ರದ ಸದ್ದಿನಲ್ಲಿ ಇನ್ನೇನೋ ಅಂದಳು, ಕೇಳಿಸಲಿಲ್ಲ.

ಜುಲೈ 1, ಸೋಮವಾರ

ಆಯಿತು. ಮುಗಿಯಿತು.

ಸಭೆ ಶುರುವಾದ ಕೂಡಲೇ ಎದ್ದು ನಿಂತೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ನೋಡಲಿಲ್ಲ. ಎಲ್ಲ ಹೇಳಿದೆ. ಕೊನೆಗೆ ಮೇಷ್ಟ್ರ ಕಡೆ ತಿರುಗಿ, ಎರಡು ವರ್ಷದ ಹಿಂದೆ ನಾನು ಆಡಿದ ಮಾತನ್ನು ಇವತ್ತು ನೀವು ನನಗೆ ಆಡಬಹುದು, ನಾನು ಕೂತು ಕೇಳುತ್ತೇನೆ ಎಂದೆ. ಮೇಜು ಹಿಡಿದುಕೊಂಡದ್ದು ಯಾರಿಗೂ ಕಾಣಿಸಿರಲಾರದು.

ಮೇಷ್ಟ್ರು ಎದ್ದು ಬಂದು ನನ್ನ ಕುರ್ಚಿಯನ್ನು ಮುಂದಕ್ಕೆ ಸರಿಸಿದರು.

‘ಕೂತ್ಕೊಳ್ಳಿ ಅಮ್ಮನವರೇ,’ ಎಂದರು. ‘ಅವತ್ತು ನಾನು ಎದ್ದು ಹೇಳ್ಲಿಲ್ಲ. ಅದಕ್ಕೇ ಬೈಸಿಕೊಂಡೆ. ನೀವು ಹೇಳಿದ್ರಿ. ಬೈಯೋಕೆ ನನಗೇನು ಉಳಿಸಿದ್ದೀರಿ?’

ಡಾಕ್ಟರಮ್ಮ ಎಲ್ಲವನ್ನೂ ನಡಾವಳಿಯಲ್ಲಿ ಬರೆಸಿದರು. ಬೆಡ್‌ಶೀಟಿನ ಬಗ್ಗೆ ನನ್ನ ಮಾತನ್ನು ಪಕ್ಕಕ್ಕಿಟ್ಟು ಮೇಷ್ಟ್ರೂ ಹೆಡ್ ನರ್ಸೂ ವಾರ್ಡುಗಳನ್ನು ತಾವೇ ನೋಡಿ ಬರಬೇಕು, ಆಮೇಲೆ ಟೆಂಡರ್ ತೆರೆಯಬೇಕು ಎಂದಾಯಿತು. ನ್ಯಾಯವೇ. ಆಮೇಲೆ ನನ್ನ ಕಡೆ ನೋಡಿ ಬಾಗಿಲು ತೋರಿಸಿದರು, ಮರ್ಯಾದೆಯಾಗಿಯೇ.

ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಗೋಡೆಗೆ ತಲೆ ಕೊಟ್ಟೆ. ನಿದ್ದೆ ಹತ್ತಿರಬೇಕು, ಮುಂದಿನದು ನೆನಪಿಲ್ಲ. ಯಾರೋ ಭುಜ ಅಲುಗಾಡಿಸಿದರು. ಹೊಸ ನರ್ಸು. ಚೀಟಿ ಎಲ್ಲಿ ಅಜ್ಜಿ, ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಕೇಳಿದಳು. ನಾನು ಮಂಡಳಿಯ ಸದಸ್ಯೆ ಎಂದೆ. ಆಯ್ತು ಅಜ್ಜಿ, ಮೊದಲು ಬಿ.ಪಿ. ನೋಡೋಣ ಬನ್ನಿ ಎಂದಳು. ಬೇರೆ ದಿನವಾಗಿದ್ದರೆ ಅವಳ ಗ್ರಹಚಾರ ಬಿಡಿಸುತ್ತಿದ್ದೆ. ಇವತ್ತು ಸುಮ್ಮನೆ ತೋಳು ಚಾಚಿದೆ. ನೂರಮೂವತ್ತಕ್ಕೆ ಎಂಬತ್ತು. ವರ್ಷದಿಂದ ಇಷ್ಟು ಇಳಿದಿರಲಿಲ್ಲ.

ಜುಲೈ 19, ಶುಕ್ರವಾರ

ಟೆಂಡರ್ ಇವತ್ತು ತೀರ್ಮಾನ. ಮೂರು ಅರ್ಜಿ. ವಾರ್ಡು ನೋಡಿ ಬಂದವರು ನನಗಿಂತ ಗಟ್ಟಿಯಾಗಿ ಬರೆದಿದ್ದಾರಂತೆ, ಇಷ್ಟು ಮಾತ್ರ ಮೊದಲೇ ಕೇಳಿದ್ದೆ. ನಲವತ್ತು ನಿಮಿಷ ಹೊರಗಿದ್ದೆ. ಮತ್ತೆ ಕರೆದಾಗ ಲಿಫ್ಟ್ ರಿಪೇರಿಯ ಮಾತು ನಡೆದಿತ್ತು. ಯಾರ ಮುಖದಲ್ಲೂ ಏನೂ ಇಲ್ಲ. ನಾನೂ ಕೇಳಲಿಲ್ಲ. ಲಿಫ್ಟಿನ ಬಗ್ಗೆ ಎರಡು ಮಾತಾಡಿದೆ.

ಮನೆಯಲ್ಲಿ ಸೊಸೆ ತಟ್ಟೆ ಹಾಕಿ ಕಾದಿದ್ದಳು. ಅವಳೂ ಕೇಳಲಿಲ್ಲ. ಅರ್ಧ ಊಟದವರೆಗೆ ಇಬ್ಬರೂ ಉಪ್ಪಿನ ಬಗ್ಗೆ ಮಾತಾಡಿದೆವು.

‘ನಿಜವಾಗ್ಲೂ ನಿಮಗೂ ಗೊತ್ತಿಲ್ವಾ ಅತ್ತೆ?’

ಇಲ್ಲ ಎಂದೆ. ಈ ಮನೆಯಲ್ಲಿ ನಿಮಗೆ ಗೊತ್ತಿಲ್ಲದ ವಿಷಯವೂ ಒಂದಿದೆಯಲ್ಲ ಎಂದು ನಗತೊಡಗಿದಳು. ನಗು ಅಂಟಿಕೊಂಡಿತು. ಮಗ ಬಂದು ಇಬ್ಬರನ್ನೂ ನೋಡಿ ಹೆದರಿ, ಕೈಯನ್ನೂ ತೊಳೆಯದೆ ನಿಂತುಬಿಟ್ಟ.

ಜುಲೈ 22, ಬೆಳಿಗ್ಗೆ ಹನ್ನೊಂದು

ಆಸ್ಪತ್ರೆಯ ಲಕೋಟೆ ಬಂತು. ಸೊಸೆ ಒಡೆಯದೆ ನನ್ನ ಮುಂದಿಟ್ಟಳು, ಪದ್ಧತಿಯಂತೆ. ನಿನ್ನ ಅರ್ಜಿ, ನೀನೇ ಒಡೆ, ನೀನೇ ಓದು, ನನ್ನ ಕಿವಿಗೆ ಬೀಳದ ಹಾಗೆ ಓದು ಎಂದೆ. ಸಹಿ ಬೇಕಾದರೆ ಕೊನೆಗೆ ಕೇಳು, ಓದಿ ಹಾಕುತ್ತೇನೆ. ಅಂಗಳಕ್ಕೆ ತೆಗೆದುಕೊಂಡು ಹೋಗಿದ್ದಾಳೆ. ನಾನು ಕಿಟಕಿಗೆ ಬೆನ್ನು ಹಾಕಿ ಇದನ್ನು ಬರೆಯುತ್ತ ಕೂತಿದ್ದೇನೆ. ಕಿವಿಗೆ ರೆಪ್ಪೆ ಇಲ್ಲ, ಏನು ಮಾಡಲಿ.

ಸದ್ದಿಲ್ಲ... ಇನ್ನೂ ಇಲ್ಲ.

ಈಗ ಗಂಡನನ್ನು ಕೂಗಿದಳು. ನಾಲ್ವರನ್ನೂ ಇಟ್ಟುಕೊಳ್ಳಬಹುದು ಎನ್ನುತ್ತಿದ್ದಾಳೆ. ಇನ್ನೂ ಇಬ್ಬರು ಬೇಕಾಗುತ್ತಾರಂತೆ. ದನಿ ಒಡೆದಿದೆ. ಅಳುತ್ತಿದ್ದಾಳೋ, ನಗುತ್ತಿದ್ದಾಳೋ. ಅಪ್ಪಾ... ನನ್ನ ಒಂದು ಮಾತೂ ಇಲ್ಲದೆ ಸಿಕ್ಕಿತು.

ಮಗ ಆಗಲೇ ದೊಡ್ಡ ಯಂತ್ರದ ಮಾತೆತ್ತಿದ. ಶೆಡ್ಡಿನ ಬಾಗಿಲಲ್ಲಿ ಅದು ತೂರುವುದಿಲ್ಲವಂತೆ. ನಾಳೆಯೇ ಪಕ್ಕದ ಗೋಡೆ ಒಡೆಸಿಬಿಡೋಣ, ಅಮ್ಮನಿಗೆ ಆಮೇಲೆ ಹೇಳೋಣ ಎನ್ನುತ್ತಿದ್ದಾನೆ. ಯಾವ ಗೋಡೆ? ಅಡುಗೆಮನೆಯ ಕಡೆಯದೋ? ಅದು ಒಡೆದರೆ ಮೇಲಿನ ಟ್ಯಾಂಕು ಯಾರ ತಲೆ ಮೇಲೆ ನಿಲ್ಲುತ್ತೆ? ಟೆಂಡರ್ ಅವಳದು, ನಾನು ತುಟಿ ಬಿಚ್ಚುವುದಿಲ್ಲ. ಗೋಡೆ ನನ್ನದು. ಒಂದು ನಿಮಿಷ, ಹೋಗಿ...