ಬಥುವಾ ಸೊಪ್ಪಿನ ಪಕ್ಕದ ನೆಲ್ಲಿಕಾಯಿ

ಅಮ್ಮಾಜಿ,

ನಿಮ್ಮ ಸೊಸೆ ಶಿವರಾಣಿ ಬರೆಯುತ್ತಿದ್ದೇನೆ. ನೀವು ತೀರಿಕೊಂಡು ಎರಡು ವರ್ಷವಾಯಿತು, ಇದನ್ನು ಓದುವವರಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿಮಗೇ ಹೇಳಬೇಕು.

ಪ್ರತಾಪಗಢದಿಂದ ಬಂದ ನರ್ಸ್ ಬಿಂದೇಶ್ವರಿ ಊರಿನ ಬಸುರಿಯರನ್ನೆಲ್ಲ ಅಂಗನವಾಡಿಯಲ್ಲಿ ಸೇರಿಸಿ, ನಾನು ಹಾಕಿದ ನೆಲ್ಲಿಕಾಯಿ ಉಪ್ಪಿನಕಾಯಿಯ ಭರಣಿಯನ್ನು ಎದುರಿಗಿಟ್ಟಳು.

"ರಕ್ತ ಕಮ್ಮಿ ಇರೋರು ಮಾತ್ರೆ ಬಿಡಬೇಡಿ. ಜೊತೆಗೆ ಸೊಪ್ಪು ತಿನ್ನೋವಾಗ ಇದನ್ನ ನಂಚ್ಕೊಳ್ಳಿ. ನೆಲ್ಲಿಕಾಯಿ ಇದ್ರೆ ಸೊಪ್ಪಲ್ಲಿರೋ ಕಬ್ಬಿಣ ಮೈಗೆ ಹತ್ತುತ್ತೆ. ಉಪ್ಪು ಜಾಸ್ತಿ, ಒಂದೇ ಹೋಳು ಸಾಕು," ಎಂದಳು.

ಆ 'ಒಂದೇ ಹೋಳು' ಕೇಳಿ ನಿಮ್ಮ ನೆನಪಾಯಿತು. ನಾನು ಬಸುರಿಯಾಗಿದ್ದಾಗ ನೀವು ದಿನಾ ಬಥುವಾ ಸೊಪ್ಪಿನ ಪಕ್ಕ ಒಂದೇ ಹೋಳು ಇಟ್ಟು ಭರಣಿ ಮುಚ್ಚುತ್ತಿದ್ದಿರಿ. ಜಿಪುಣಿ ಅತ್ತೆ ಎಂದು ನಾನು ತವರಿನಲ್ಲೆಲ್ಲ ಹೇಳಿಕೊಂಡು ಬಂದೆ. ಅದು ನಿಮ್ಮ ಕಿವಿಗೂ ಬಿತ್ತು. ಮರುದಿನವೂ ನೀವು ಹೋಳು ಇಟ್ಟಿರಿ.

ಒಬ್ಬ ಹುಡುಗಿ ಚಪ್ಪರಿಸುತ್ತಾ, "ಚಾಚಿ, ಏನು ರುಚಿ! ನಿಮ್ಮಮ್ಮ ಕಲಿಸಿದ್ದಾ?" ಎಂದಳು.

"ನಮ್ಮತ್ತೆ, ರಾಮದುಲಾರಿ!" ಎಂದೆ, ಬಾಗಿಲಾಚೆಗೂ ಕೇಳುವಂತೆ. "ನರ್ಸಮ್ಮಾ, ಭರಣಿ ಮೇಲೆ ಅವರ ಹೆಸರೇ ಬರೀರಿ."

ದಪ್ಪಕ್ಷರದಲ್ಲಿ ಬರೆದಳು. ನಾಳೆ ಆರು ಸೊಸೆಯಂದಿರು ಕಲಿಯಲು ಬರುತ್ತಾರೆ. ಅತ್ತೆಯರನ್ನೂ ಕರೆತನ್ನಿ ಎಂದಿದ್ದೇನೆ.